ಸಜ್ಜನನ ಆಳ್ವಿಕೆ

ಹೊರನಾಡಿನಿಂದ ಬಂದು ನಮ್ಮನ್ನಾಳಿದವರಲ್ಲಿ ಸಜ್ಜನರೂ ಇದ್ದರು. ಅವರನ್ನು ನಾವು ಹೇಗೆ ನೆನೆಯಬೇಕು? ಸರ್ ಥಾಮಸ್ ಮನ್ರೋನ ಜೀವನವು ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ.

ಗ್ಲಾಸ್ಗೋ ನಗರದಲ್ಲಿ 1761ರಲ್ಲಿ ಹುಟ್ಟಿದ ಮನ್ರೋ 1780ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯವನ್ನು ಸೇರಿ ಮದರಾಸಿಗೆ ಬಂದನು. ಹೈದರ್, ಟಿಪ್ಪು ಇವರೊಡನೆ ನಡೆದ ಯುದ್ಧಗಳಲ್ಲಿ ಕಾದಿದನು. 1792ರಿಂದ ಬಾರಾಮಹಲಿನಲ್ಲಿ ಕಂದಾಯದ ಕೆಲಸವನ್ನು ಕಲಿತು, 1799ರಲ್ಲಿ ಕೆನರಾ ಸೀಮೆಯ ಕಲೆಕ್ಟರನಾದನು. ಮರುವರ್ಷ ಬಳ್ಳಾರಿ, ಕಡಪಗಳನ್ನೊಳಗೊಂಡ ದತ್ತಮಂಡಲದ ಆಡಳಿತವನ್ನು ವಹಿಸಿಕೊಂಡನು. ಅಲ್ಲಿ ಊರೂರು ಸುತ್ತಿ, ಹೊಲಗಳನ್ನು ಅಳೆಯಿಸಿ, ಮಧ್ಯವರ್ತಿಗಳಿಲ್ಲದೆ ರೈತನಿಂದಲೇ ಕಂದಾಯ ಪಡೆಯುವ ರೈತವಾರಿ ಪದ್ಧತಿಯನ್ನು ಬೆಳೆಸಿದನು.

ನಮ್ಮ ಸೀಮೆಗೂ ಆತನಿಗೂ ನಂಟುಂಟು. 1817-18ರ ಯುದ್ಧದಲ್ಲಿ, ಕೈಯಲ್ಲಿದ್ದ ಸೈನ್ಯ ಅಲ್ಪವಾದರೂ, ಸ್ಥಳೀಯರನ್ನೇ ಕೂಡಿಸಿಕೊಂಡು ಧಾರವಾಡ ಪ್ರಾಂತದಲ್ಲಿ ಪೇಶ್ವೆಯ ಠಾಣೆಗಳನ್ನು ಗೆದ್ದನು. ಹಾನಗಲ್ಲು, ಶಿಗ್ಗಾಂವಿ, ಹಿರೇಕೆರೂರುಗಳ ಸೀಮೆಯು ಕಂಪನಿಯ ಆಳ್ವಿಕೆಗೆ ಸೇರಿತು. ಸವಣೂರು ಮಾತ್ರ ನವಾಬರ ಪುಟ್ಟ ಸಂಸ್ಥಾನವಾಗಿ 1948ರವರೆಗೆ ಉಳಿಯಿತು.

1820ರಲ್ಲಿ ಮನ್ರೋ ಮದರಾಸಿನ ಗವರ್ನರನಾದನು. ಭಾರತೀಯರಿಗೆ ಉನ್ನತ ಹುದ್ದೆಗಳನ್ನು ಕೊಡಬೇಕೆಂದು 1824ರಲ್ಲಿ ವಾದಿಸಿದನು. 1827ರಲ್ಲಿ ಪ್ರವಾಸದಲ್ಲಿದ್ದಾಗ ಪತ್ತಿಕೊಂಡದಲ್ಲಿ ಕಾಲರಾ ತಗಲಿ ತೀರಿಕೊಂಡನು. ಇಂಥವನಲ್ಲಿ ಗೌರವ ಹುಟ್ಟುವುದು ಸಹಜ.

ಆದರೆ ಒಂದು ಸಂಗತಿಯನ್ನು ಮರೆಯಬಾರದು. ದತ್ತಮಂಡಲದ ಕಂದಾಯವು ರೈತರಿಗೆ ಭಾರವಾಗಿದೆ, ಕಾಲುಭಾಗ ಇಳಿಸಬೇಕು ಎಂದು ಮನ್ರೋ 1807ರಲ್ಲಿಯೇ ಸಲಹೆ ಮಾಡಿದ್ದನು. ಸರಕಾರ ಅದನ್ನು ಒಪ್ಪಲಿಲ್ಲ. ಆತನೇ ಗವರ್ನರನಾದ ಮೇಲೆ ಆ ಇಳಿತಾಯ ಜಾರಿಗೆ ಬಂದಿತು. ಹದಿಮೂರು ವರ್ಷಗಳ ಕಾಲ ರೈತನು ಏನು ಮಾಡಬೇಕಾಗಿತ್ತು? ಕರವನ್ನು ಗೊತ್ತುಮಾಡುವವರನ್ನು ಆತ ಆರಿಸಿರಲಿಲ್ಲ. ಅವರನ್ನು ಇಳಿಸುವ ಅಧಿಕಾರವೂ ಆತನಿಗಿರಲಿಲ್ಲ. ಮಳೆ ತಪ್ಪಿದರೂ ಕರವನ್ನು ತೆರುವುದು, ಸಜ್ಜನನೊಬ್ಬನು ಮೇಲೇರುವವರೆಗೆ ಕಾಯುವುದು, ಇಷ್ಟೇ ಆತನ ಪಾಲಿಗೆ ಉಳಿದಿತ್ತು.

ಆದುದರಿಂದ ಮನ್ರೋನ ಗುಣವನ್ನು ಮೆಚ್ಚೋಣ. ಆ ಆಳ್ವಿಕೆಯನ್ನು ಮೆಚ್ಚಬೇಕಾಗಿಲ್ಲ. ಒಳ್ಳೆಯ ಅಧಿಕಾರಿ ದೊರೆಯುವುದು ಜನರ ಭಾಗ್ಯ. ನ್ಯಾಯವನ್ನು ಕೇಳಿ ಪಡೆಯುವುದು ಜನರ ಹಕ್ಕು. ಭಾಗ್ಯವು ವರ್ಗಾವಣೆಯ ಒಂದು ಹುಕುಮಿನಿಂದ ಕಳೆದುಹೋಗಬಹುದು. ಹಕ್ಕು ಹಾಗಲ್ಲ. ಇಂದು ಹಿರೇಕೆರೂರಿನ ಸಾಮಾನ್ಯ ರೈತನೂ ಗ್ರಾಮಸಭೆಯಲ್ಲಿ ಎದ್ದುನಿಂತು ಲೆಕ್ಕ ಕೇಳಬಲ್ಲನು. ಮನ್ರೋನಂಥ ಸಜ್ಜನನೂ ಅಂದಿನ ರೈತನಿಗೆ ಕೊಡಲಾರದಿದ್ದುದು ಇದು. ವಿದ್ಯಾರ್ಥಿಗಳೇ, ನೀವು ದೊಡ್ಡವರಾದಾಗ ಈ ಹಕ್ಕನ್ನು ಬಳಸದೆ ಸುಮ್ಮನಿರಬೇಡಿರಿ.