ಸುದ್ದಿ ಒಂದು ದಿನ ತಡವಾದ್ರೆ ನಲವತ್ತು ಸಾವಿರ ನಷ್ಟ



ಇವತ್ತು ನುಸಿ, ಕಪ್ಪುತಲೆ ಹುಳ, ಬಿಳಿನೊಣದ ವಿಚಾರ ಬರೆಯಲ್ಲ. ಕಾಯಿ ಕೆಡವಿಸಿ ನಾಲ್ಕು ದಿನ ಆಯ್ತು, ಅಟ್ಟಕ್ಕೆ ಹಾಕೋದು ಇನ್ನೂ ಅರ್ಧ ಬಾಕಿ ಇದೆ. ಆದ್ರೂ ಕೂತು ಬರೀತಿದ್ದೀನಿ. ಸರ್ಕಾರದ ಸುದ್ದಿ ನಮ್ಮ ಹಳ್ಳಿಗೆ ಹೇಗೆ ಬರುತ್ತೆ, ಬರದಿದ್ರೆ ಯಾರಿಗೆ ನಷ್ಟ ಅನ್ನೋದು ಇವತ್ತಿನ ವಿಷಯ. ಉದ್ದ ಇದೆ, ಬಿಡುವಾದಾಗ ಓದಿ.

ಮೊನ್ನೆ ಬೆಳಿಗ್ಗೆ ಡೈರಿಗೆ ಹಾಲು ಹಾಕೋಕೆ ಹೋಗಿದ್ದೆ. ಹಾಲು ಅಳೆಯೋ ಹುಡುಗ ಕೇಳ್ದ, "ಯಾಕಣ್ಣ, ನಿನ್ನೆ ಗ್ರಾಮಸಭೆಗೆ ಬರ್ಲೇ ಇಲ್ಲ? ದನದ ಕೊಟ್ಟಿಗೆಗೆ ಹೆಸರು ಕೊಡ್ತೀನಿ ಅಂತಿದ್ರಿ." ನನಗೆ ಗ್ರಾಮಸಭೆ ನಡೆದದ್ದೇ ಗೊತ್ತಿಲ್ಲ. "ಗ್ರೂಪಿಗೆ ಹಾಕಿದ್ರಲ್ಲಣ್ಣ" ಅಂದ. ಮೊಬೈಲ್ ತೆಗೆದು ನೋಡ್ದೆ. ಹೌದು, ಹಾಕಿದ್ದಾರೆ. ಸಭೆಯ ಹಿಂದಿನ ರಾತ್ರಿ ಒಂಬತ್ತೂವರೆ ಮೇಲೆ ಒಂದು ಪಿಡಿಎಫ್. ಅದರ ಮೇಲೆ ಯಾರದೋ ಹುಟ್ಟುಹಬ್ಬದ ಕೇಕು, ಕೆಳಗೆ ಶುಭರಾತ್ರಿಯ ಹೂವು. ಆ ಹೊತ್ತಿಗೆ ನಾನು ಮೋಟಾರ್ ಹಾಕೋಕೆ ತೋಟದಲ್ಲಿದ್ದೆ, ತ್ರೀಫೇಸ್ ಕರೆಂಟು ಬಂದಿತ್ತು.

ಸಭೆಗೆ ಎಷ್ಟು ಜನ ಬಂದಿದ್ರು ಅಂತ ಕೇಳ್ದೆ. ಇಪ್ಪತ್ತು ಇಪ್ಪತ್ತೈದು ಅಂದ. ನಮ್ಮ ರಾಜ್ಯದ 1993ರ ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ಆರು ತಿಂಗಳಿಗೆ ಒಂದು ಸಲ ಆದರೂ ಗ್ರಾಮಸಭೆ ನಡೀಬೇಕು. ಮತದಾರರಲ್ಲಿ ಹತ್ತರಲ್ಲಿ ಒಂದು ಪಾಲು ಅಥವಾ ನೂರು ಜನ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಜನ ಸೇರಬೇಕು. ಇಪ್ಪತ್ತೈದು ಜನ ಕೂತು ಇಡೀ ಪಂಚಾಯ್ತಿಯ ಪಟ್ಟಿ ಓದಿ ಮುಗಿಸಿದ್ರೆ ಅದು ಲೆಕ್ಕಕ್ಕೆ ಮಾತ್ರ ಸಭೆ.

ಕೇಳಿದ್ರೆ ಉತ್ತರ ರೆಡಿ ಇರುತ್ತೆ: "ನಾವು ತಿಳಿಸಿದ್ದೀವಿ." ನಾನು ಸುಳ್ಳು ಅನ್ನಲ್ಲ. ಮೆಸೇಜ್ ಬಂದಿದೆ, ಕಚೇರಿ ಗೋಡೆಗೆ ಕಾಗದ ಅಂಟಿಸಿದ್ದಾರೆ, ವೆಬ್‌ಸೈಟಿನಲ್ಲೂ ಇರಬಹುದು. ಆದ್ರೆ ನಮ್ಮಮ್ಮನ ಹತ್ರ ಇರೋದು ಬಟನ್ ಫೋನು. ನಮ್ಮ ಊರಿನ ಅರ್ಧ ಪಾಲು ಪಹಣಿ ಇರೋದು ಅಂಥವರ ಹೆಸರಲ್ಲೇ. ಅವರಿಗೆ ಗೊತ್ತಾಗದಿದ್ರೆ ತಿಳಿಸಿದಂಗಾಯ್ತಾ?

ಈಗ ನನ್ನದೇ ಒಂದು ಕಥೆ ಹೇಳ್ತೀನಿ. ಇದನ್ನ ಹೇಳದೆ ಪಂಚಾಯ್ತಿಯವರ ಮೇಲೆ ದೂರು ಬರೆಯೋಕೆ ನನಗೆ ಹಕ್ಕಿಲ್ಲ.

2024ರ ಫೆಬ್ರವರಿ ನಿಮಗೆಲ್ಲ ನೆನಪಿದೆ. ಮಾರ್ಕೆಟ್‌ನಲ್ಲಿ ಉಂಡೆ ಕೊಬ್ಬರಿ ಕ್ವಿಂಟಾಲಿಗೆ ಒಂಬತ್ತು ಸಾವಿರದ ಆಸುಪಾಸು. ಕೇಂದ್ರದ ಬೆಂಬಲ ಬೆಲೆ 12,000, ಅದರ ಮೇಲೆ ರಾಜ್ಯದ ಪ್ರೋತ್ಸಾಹಧನ 1,500, ಒಟ್ಟು 13,500. ನಾಫೆಡ್‌ಗೆ ಬಿಟ್ಟವನಿಗೆ ಕ್ವಿಂಟಾಲಿಗೆ ನಾಲ್ಕು ಸಾವಿರದ ಮೇಲೆ ಉಳಿತಿತ್ತು. ಹತ್ತು ಕ್ವಿಂಟಾಲ್ ಇದ್ರೆ ನಲವತ್ತು ಸಾವಿರ. ಆದ್ರೆ ಇಡೀ ರಾಜ್ಯಕ್ಕೆ 62,500 ಟನ್ ಅಂತ ಮಿತಿ. ಮೊದಲು ಹೋದವನಿಗೆ ಉಂಟು, ತಡವಾದವನಿಗೆ ಇಲ್ಲ.

ನೋಂದಣಿ ಶುರು ಆಗುತ್ತೆ ಅಂತ ಸುದ್ದಿ ಇತ್ತು. ಆದ್ರೆ ನಮ್ಮ ಕೇಂದ್ರದಲ್ಲಿ ಯಾವತ್ತು, ಏನೇನು ಕಾಗದ, ಎಷ್ಟು ಹೊತ್ತಿಗೆ ಅನ್ನೋದು ಹಳ್ಳಿಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ನನಗೆ ಟೌನಲ್ಲಿರೋ ಭಾವಮೈದ ಸಂಜೆ ಫೋನ್ ಮಾಡಿ ಹೇಳ್ದ, "ನಾಳೆ ಬೆಳಿಗ್ಗೆನೇ ಬಂದ್ಬಿಡಿ ಭಾವ, ಕ್ಯೂ ಜಾಸ್ತಿ ಆಗುತ್ತೆ." ಫೋನ್ ಇಟ್ಟು ತಿರುಗಿದ್ರೆ ಬದುವಿನ ಆ ಕಡೆ ಪಕ್ಕದ ತೋಟದ ಅಣ್ಣ ಪಾತಿ ಕೆರೀತಿದ್ರು. ನನಗಿಂತ ಹತ್ತು ವರ್ಷ ದೊಡ್ಡವರು. ನನ್ನ ತೋಟಕ್ಕೆ ಬೋರ್ ನಿಂತುಹೋದ ವರ್ಷ ಅವರ ಬೋರಿಂದ ನೀರು ಬಿಟ್ಟವರು. ತಲೆ ಎತ್ತಿ ಕೇಳಿದ್ರು, "ನಾಫೆಡ್‌ದು ಏನಾರ ಗೊತ್ತಾಯ್ತೇನಪ್ಪ?"

"ಇನ್ನೂ ಏನೂ ಇಲ್ಲ ಕಣಣ್ಣ" ಅಂದೆ.

ಯಾಕಂದೆ ಅಂತ ಇವತ್ತಿಗೂ ಯೋಚನೆ ಮಾಡ್ತೀನಿ. ಅವರೊಬ್ಬರು ಕ್ಯೂನಲ್ಲಿ ಬಂದ್ರೆ ನನ್ನ ಕೊಬ್ಬರಿ ಏನೂ ಉಳೀತಿರಲಿಲ್ಲ. ಆದ್ರೆ ಒಬ್ಬರಿಗೆ ಹೇಳಿದ್ರೆ ಹತ್ತು ಜನಕ್ಕೆ ಹೋಗುತ್ತೆ, ಹತ್ತು ಜನ ಹೋದ್ರೆ ಊರೇ ಹೋಗುತ್ತೆ, ಕ್ಯೂ ಬೆಳೆಯುತ್ತೆ ಅನ್ನೋ ಹೆದರಿಕೆ. ಬೆಳಗಿನ ಜಾವ ನಾಲ್ಕಕ್ಕೆ ಲೈಟ್ ಹಾಕದೆ ಸ್ಕೂಟರ್ ತಳ್ಳಿಕೊಂಡು ರಸ್ತೆಗೆ ಹೋಗಿ ಸ್ಟಾರ್ಟ್ ಮಾಡ್ದೆ. ಕಳ್ಳನ ಹಾಗೆ. ನನ್ನ ನೋಂದಣಿ ಆಯ್ತು. ಅವರು ವಿಷಯ ತಿಳಿದು ಹೋಗೋ ಹೊತ್ತಿಗೆ ಮುಗಿದಿತ್ತು.

ಆಮೇಲೆ ನಡೆದದ್ದು ನಿಮಗೆ ಗೊತ್ತು. ನೋಂದಣಿಲಿ ಅಕ್ರಮ ಆಗಿದೆ ಅಂತ ರೈತರು ಗಲಾಟೆ ಎಬ್ಬಿಸಿದ್ರು, ಸರ್ಕಾರ ಅಷ್ಟೂ ರದ್ದು ಮಾಡಿ ಮಾರ್ಚ್‌ನಲ್ಲಿ ಮತ್ತೆ ಮೊದಲಿಂದ ಶುರು ಮಾಡ್ತು. ಆ ಸಲ ಸುದ್ದಿ ಮೊದಲು ಸಿಕ್ಕಿದ್ದು ಆ ಅಣ್ಣನಿಗೆ. ರಾತ್ರಿ ಹತ್ತು ಗಂಟೆಗೆ ನಮ್ಮ ಬಾಗಿಲು ತಟ್ಟಿದ್ರು. "ನಾಳೆಯಿಂದ ಶುರುವಂತೆ ಕಣಪ್ಪ. ಆಧಾರು, ಪಹಣಿ, ಪಾಸ್‌ಬುಕ್ಕು ಎಲ್ಲ ಎತ್ತಿಟ್ಕ. ನಾಲ್ಕಕ್ಕೆ ಬತ್ತೀನಿ, ಒಟ್ಟಿಗೆ ಹೋಗನ."

ಫೆಬ್ರವರಿಲಿ ನಾನು ಎಲ್ಲಿಗೆ ಹೋಗಿದ್ದೆ ಅನ್ನೋದು ಅವರಿಗೆ ಗೊತ್ತಿತ್ತು. ಕ್ಯೂನಲ್ಲಿ ನನ್ನ ನೋಡಿದ್ದವರು ಯಾರೋ ಹೇಳಿದ್ರಂತೆ. ಅವರು ಅದರ ಬಗ್ಗೆ ಒಂದು ಮಾತೂ ಎತ್ತಲಿಲ್ಲ. ಸ್ಕೂಟರ್ ಹಿಂದೆ ಕೂತು ದಾರಿಯುದ್ದಕ್ಕೂ ಮಗಳ ಮನೆ ವಿಚಾರ ಮಾತಾಡಿದ್ರು. ನನಗೆ ಮಾತು ಹೊರಡಲಿಲ್ಲ.

ಇಲ್ಲಿ ನನ್ನ ತಪ್ಪು ನನ್ನದೇ. ಆದ್ರೆ ಇನ್ನೊಂದು ಮಾತೂ ಇದೆ. ಬೇಸಿಗೆಲಿ ಕಾಲುವೆ ನೀರು ಕಮ್ಮಿ ಆದಾಗ ಒಳ್ಳೆಯವನೂ ರಾತ್ರಿ ಹೋಗಿ ತೂಬು ತಿರುಗಿಸ್ತಾನೆ. ಸುದ್ದಿನೂ ಹಂಗೇ. ಕೆಲವರ ಕೈಲಿ ಮಾತ್ರ ಇದ್ರೆ ಅದಕ್ಕೆ ಬೆಲೆ ಬರುತ್ತೆ, ಬಚ್ಚಿಡೋಕೆ ಶುರು ಮಾಡ್ತಾರೆ, ದಲ್ಲಾಳಿಗಳು ಹುಟ್ಟಿಕೊಳ್ತಾರೆ. ಆವತ್ತು ಡೈರಿ ಮುಂದೆ ಒಂದು ಬೋರ್ಡಿನ ಮೇಲೆ "ನಾಫೆಡ್ ನೋಂದಣಿ, ಇಂಥ ದಿನ, ಇಂಥ ಜಾಗ, ಇಂಥ ಕಾಗದ" ಅಂತ ಬರೆದಿದ್ರೆ ನಾನು ಸುಳ್ಳು ಹೇಳೋಕೆ ಅವಕಾಶವೇ ಇರ್ತಿರಲಿಲ್ಲ.

ಹಿಂದೆ ನಮ್ಮ ಊರಲ್ಲಿ ತಮಟೆ ಹೊಡೆದು ಸಾರೋರು. ಸಂಜೆ ದನ ಮನೆಗೆ ಬರೋ ಹೊತ್ತಿಗೆ ನಾಲ್ಕು ಮೂಲೆಲಿ ನಿಂತು ಕೂಗಿದ್ರೆ ಓದು ಬಾರದವರಿಗೂ, ಮನೆ ಒಳಗಿದ್ದ ಹೆಂಗಸರಿಗೂ ಮುಟ್ಟೋದು. ಆದ್ರೆ ಆ ಕೆಲಸವನ್ನ ಒಂದೇ ಜಾತಿಯವರ ತಲೆಗೆ ಕಟ್ಟಿ, ಒಂದು ಸೇರು ರಾಗಿ ಕೊಟ್ಟು ಕಳಿಸೋರು. ಅದು ವಾಪಸ್ ಬರೋದು ಬೇಡ. ಸುದ್ದಿ ಮನೆಬಾಗಿಲಿಗೆ ಬರ್ತಿದ್ದ ಪದ್ಧತಿ ಮಾತ್ರ ಬೇಕು.

ಅದಕ್ಕೆ ಹೊಸ ಯಂತ್ರ ಏನೂ ಬೇಡ. ಈಗ ಎಷ್ಟೋ ಪಂಚಾಯ್ತಿಲಿ ಕಸದ ಗಾಡಿ ಇದೆ, ಅದಕ್ಕೆ ಮೈಕೂ ಇದೆ. ಕಸ ಹಾಕಿ ಅಂತ ಹಾಡು ಹಾಕ್ಕೊಂಡು ಬೀದಿ ಬೀದಿ ಬರುತ್ತೆ. ಅದೇ ಮೈಕಲ್ಲಿ "ಇಂಥ ತಾರೀಕು ಗ್ರಾಮಸಭೆ" ಅಂತ ಒಂದು ನಿಮಿಷ ಹೇಳಿದ್ರೆ ಯಾರ ಗಂಟೂ ಹೋಗಲ್ಲ.

ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಇಪ್ಪತ್ತು ವರ್ಷಕ್ಕೂ ಹಿಂದೆ "ನಮ್ಮ ಧ್ವನಿ" ಅಂತ ಮಾಡಿದ್ರು. ಆಗ ಹಳ್ಳಿಯವರು ರೇಡಿಯೋ ನಡೆಸೋಕೆ ಲೈಸೆನ್ಸ್ ಸಿಗ್ತಿರಲಿಲ್ಲ. ಅವರು ಸುಮ್ನೆ ಕೂರಲಿಲ್ಲ, ಟಿವಿ ಕೇಬಲ್ ತಂತಿಯಲ್ಲೇ ದನಿ ಹರಿಸಿ ಊರಿನ ಸುದ್ದಿ ಮನೆ ಮನೆಗೆ ಮುಟ್ಟಿಸಿದ್ರು. ಸ್ವಸಹಾಯ ಸಂಘದ ಹೆಂಗಸರೇ ಮಾತಾಡೋರು. ಮನಸ್ಸಿದ್ರೆ ದಾರಿ ಸಿಗುತ್ತೆ ಅನ್ನೋಕೆ ಹೇಳಿದೆ.

ಕಾನೂನೂ ನಮ್ಮ ಕಡೆ ಇದೆ. 2005ರ ಮಾಹಿತಿ ಹಕ್ಕು ಕಾಯ್ದೆ ಅಂದ್ರೆ ಅರ್ಜಿ ಹಾಕಿ ಕೇಳೋದು ಅಂತಲೇ ನಾವೆಲ್ಲ ತಿಳ್ಕೊಂಡಿದ್ದೀವಿ. ಅದರ 4ನೇ ಸೆಕ್ಷನ್ ಓದಿ. ಜನ ಕೇಳೋ ಮೊದಲೇ ಕಚೇರಿಯವರು ತಾವಾಗೇ ತಿಳಿಸಬೇಕು ಅಂತಿದೆ. ಸ್ಥಳೀಯ ಭಾಷೆ ಯಾವುದು, ಆ ಜಾಗದಲ್ಲಿ ಯಾವ ರೀತಿ ಹೇಳಿದ್ರೆ ಚೆನ್ನಾಗಿ ಮುಟ್ಟುತ್ತೆ ಅನ್ನೋದನ್ನ ನೋಡಿಕೊಂಡು ತಿಳಿಸಬೇಕು ಅಂತಿದೆ. ನೋಟಿಸ್ ಬೋರ್ಡ್, ಪತ್ರಿಕೆ, ಸಾರ್ವಜನಿಕ ಪ್ರಕಟಣೆ ಇವೆಲ್ಲದರ ಹೆಸರೂ ಅದರಲ್ಲಿದೆ. ರಾತ್ರಿ ಪಿಡಿಎಫ್ ಹಾಕಿ ಕೈ ತೊಳ್ಕೊಳ್ಳಿ ಅಂತ ಎಲ್ಲೂ ಇಲ್ಲ.

ಇನ್ನೊಂದು ಉದಾಹರಣೆ. ನಮ್ಮ ಕಡೆ ಕಾಯಿ ಕೆಡವೋ ಒಬ್ಬ ಹುಡುಗ ಮರದಿಂದ ಬಿದ್ದು ಸೊಂಟ ಹಾಳಾಯ್ತು. ಆಸ್ಪತ್ರೆಗೆ ಇದ್ದ ಎರಡು ಹಸು ಮಾರಿದ್ರು. ತೆಂಗು ಅಭಿವೃದ್ಧಿ ಮಂಡಳಿಯದು "ಕೇರ ಸುರಕ್ಷಾ" ಅಂತ ಮರ ಹತ್ತೋರಿಗೆ ಅಪಘಾತ ವಿಮೆ ಇದೆ. ಪ್ರೀಮಿಯಂನಲ್ಲಿ ಬಹುಪಾಲು ಮಂಡಳಿಯೇ ಕಟ್ಟುತ್ತೆ, ಮರ ಹತ್ತೋನು ಕಟ್ಟಬೇಕಾದ್ದು ಸ್ವಲ್ಪ. ಅವನು ಹತ್ತುತ್ತಿದ್ದ ಹತ್ತು ತೋಟದವರು ತಲಾ ಮೂವತ್ತು ರೂಪಾಯಿ ಹಾಕಿದ್ರೂ ಆಗಿಹೋಗ್ತಿತ್ತು. ನಮಗ್ಯಾರಿಗೂ ಅಂಥದ್ದೊಂದು ಇದೆ ಅಂತಲೇ ಗೊತ್ತಿರಲಿಲ್ಲ. ಆ ಹತ್ತು ತೋಟದಲ್ಲಿ ನನ್ನದೂ ಒಂದು. ಈಗಲಾದ್ರೂ ನಿಮ್ಮ ತೋಟಕ್ಕೆ ಬರೋರಿಗೆ ವಿಮೆ ಇದೆಯಾ ಕೇಳಿ. ಇಲ್ಲದಿದ್ರೆ ತೋಟಗಾರಿಕೆ ಇಲಾಖೆಲಿ ಅಥವಾ ಕೊನೇಹಳ್ಳಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ಅಧಿಕಾರಿಗಳ ಕಷ್ಟವೂ ನನಗೆ ಅರ್ಥ ಆಗುತ್ತೆ. ಒಬ್ಬ ಪಿಡಿಒ ಬೆಳಿಗ್ಗೆ ಕುಡಿಯೋ ನೀರಿನ ಪೈಪು ನೋಡ್ಬೇಕು, ಮಧ್ಯಾಹ್ನ ತಾಲ್ಲೂಕು ಮೀಟಿಂಗು, ಸಂಜೆ ಆನ್‌ಲೈನ್ ಎಂಟ್ರಿ. "ಹೇಳಿದ್ರೂ ಜನ ಬರಲ್ಲ ಸಾರ್" ಅಂತಾರೆ. ಅದರಲ್ಲಿ ನಿಜ ಇದೆ. ಜಾತ್ರೆಗೆ ಸಾವಿರ ಜನ ಸೇರ್ತೀವಿ, ಗ್ರಾಮಸಭೆಗೆ ನೂರು ಜನ ಸೇರಲ್ಲ. ಆದ್ರೆ ಬರೀ "ಗ್ರಾಮಸಭೆ ಇದೆ, ಎಲ್ಲರೂ ಬನ್ನಿ" ಅಂದ್ರೆ ಕಾಯಿ ಸುಲಿಯೋದು ಬಿಟ್ಟು ಯಾರು ಬರ್ತಾರೆ? "ಕೊಟ್ಟಿಗೆ ಪಟ್ಟಿ, ಮನೆ ಪಟ್ಟಿ, ಕೆರೆ ಏರಿ ರಸ್ತೆ ಇವತ್ತು ತೀರ್ಮಾನ" ಅಂತ ಹೇಳಲಿ, ನೋಡಿ ಬರ್ತಾರೋ ಇಲ್ವೋ.

ನಾನು ಕೇಳೋದು ಇಷ್ಟೇ.

ಒಂದು, ಬೋರ್ಡು ಪಂಚಾಯ್ತಿ ಕಚೇರಿ ಒಳಗಲ್ಲ, ಪ್ರತಿ ಊರಿನ ಡೈರಿ ಮುಂದೆ ಮತ್ತು ನ್ಯಾಯಬೆಲೆ ಅಂಗಡಿ ಮುಂದೆ ಇರಲಿ. ಡೈರಿಗೆ ದಿನಕ್ಕೆ ಎರಡು ಹೊತ್ತು ಹೋಗ್ತೀವಿ, ಕಚೇರಿಗೆ ವರ್ಷಕ್ಕೆ ಎರಡು ಸಲ.

ಎರಡು, ನಾಲ್ಕೇ ಸಾಲು ಇರಲಿ: ಏನು, ಯಾರಿಗೆ, ಯಾವ ಕಾಗದ, ಎಲ್ಲಿ ಮತ್ತು ಕೊನೇ ದಿನ ಯಾವತ್ತು. ದೊಡ್ಡ ಅಕ್ಷರ, ನಮ್ಮ ಭಾಷೆ. ಆದೇಶದ ನಂಬರು, ಉಲ್ಲೇಖ ನಮಗೆ ಬೇಡ.

ಮೂರು, ಕನಿಷ್ಠ ಒಂದು ವಾರ ಮೊದಲು ಬರೀಲಿ, ಹಿಂದಿನ ದಿನ ಮೈಕಲ್ಲಿ ಹೇಳಲಿ.

ನಾಲ್ಕು, ಕೆಲಸ ಮುಗಿದ ಮೇಲೆ ಯಾರಿಗೆ ಮಂಜೂರಾಯ್ತು ಅನ್ನೋ ಪಟ್ಟಿ ಅದೇ ಬೋರ್ಡಿಗೆ ಅಂಟಿಸಲಿ. ಅನುಮಾನ ಅರ್ಧ ಅಲ್ಲೇ ಹೋಗುತ್ತೆ.

ನಮ್ಮ ಪಾಲಿನ ಕೆಲಸವೂ ಇದೆ. ಫ್ರೂಟ್ಸ್ ಎಫ್‌ಐಡಿಗೆ ನಿಮ್ಮ ಎಲ್ಲ ಸರ್ವೆ ನಂಬರ್ ಸೇರಿದೆಯಾ, ಬೆಳೆ ಸಮೀಕ್ಷೆಲಿ ತೋಟಕ್ಕೆ ತೆಂಗು ಅಂತಲೇ ಬಂದಿದೆಯಾ ಈಗಲೇ ನೋಡ್ಕೊಳ್ಳಿ. ಖರೀದಿ ಕೇಂದ್ರದ ಕ್ಯೂನಲ್ಲಿ ನಿಂತಾಗ ರಾಗಿ ಅಂತ ತೋರಿಸಿದ್ರೆ ಆವತ್ತು ಯಾರೂ ಸರಿ ಮಾಡಿಕೊಡಲ್ಲ. ನಾಡಕಚೇರಿಲಿ ಅರ್ಜಿ ಕೊಟ್ರೆ 15 ಅಂಕಿಯ ಸಕಾಲ ನಂಬರ್ ಕೇಳಿ ಇಸ್ಕೊಳ್ಳಿ. ಎಲ್ಲಕ್ಕಿಂತ ಮುಖ್ಯ, ಒಂದು ಸುದ್ದಿ ಸಿಕ್ಕಿದ್ರೆ ಓದು ಬಾರದ ಒಬ್ಬರಿಗಾದ್ರೂ ಬಾಯಲ್ಲಿ ಹೇಳಿ. ಫಾರ್ವರ್ಡ್ ಮಾಡಿದ್ದು ಹೇಳಿದಂಗಲ್ಲ.

2025ರಲ್ಲಿ ಕೊಬ್ಬರಿ ಬೆಂಬಲ ಬೆಲೆಯ ಎರಡರಷ್ಟು ದಾಟಿ ಹೋಯ್ತು, ನಾಫೆಡ್ ಕ್ಯೂ ಯಾರಿಗೂ ನೆನಪಿಲ್ಲ. ಬೆಲೆ ಮೇಲಿದ್ದಾಗ ಇದೆಲ್ಲ ಯಾಕೆ ಅನ್ಸುತ್ತೆ. ಆದ್ರೆ ಕೊಬ್ಬರಿ ಹತ್ತಿದ್ದು ಇಳಿದೇ ಇಳಿಯುತ್ತೆ, ನಾವು ಎಷ್ಟು ಸಲ ನೋಡಿಲ್ಲ. ಆ ಕ್ಯೂ ಮತ್ತೆ ಬರೋ ಮೊದಲೇ ಬೋರ್ಡು ಬರಲಿ ಅನ್ನೋದು ನನ್ನ ಆಸೆ.

ಡೈರಿ ಕಾರ್ಯದರ್ಶಿ ಹತ್ರ ಮಾತಾಡಿದ್ದೀನಿ. ಗೋಡೆ ಕೊಡ್ತೀನಿ ಅಂದಿದ್ದಾರೆ. ಕರೀ ಬಣ್ಣ, ಸೀಮೆಸುಣ್ಣ ನನ್ನ ಖರ್ಚು. ಮುಂದಿನ ಗ್ರಾಮಸಭೆಲಿ ಇದನ್ನೇ ಮೊದಲ ವಿಷಯ ಮಾಡಿ ಅಂತ ಬರೆದು ಕೊಡ್ತೀನಿ, ನಿಮ್ಮ ನಿಮ್ಮ ಪಂಚಾಯ್ತಿಲಿ ನೀವೂ ಕೊಡಿ.

ಇದನ್ನ ಹಾಕೋ ಮೊದಲು ಆ ಅಣ್ಣನಿಗೆ ಓದಿ ಹೇಳ್ದೆ. ಕಟ್ಟೆ ಮೇಲೆ ಕೂತು ಪೂರಾ ಕೇಳಿದ್ರು. "ಅದನ್ನೆಲ್ಲ ಯಾಕಪ್ಪ ಬರೀತೀಯ, ಬೋರ್ಡಿನ ವಿಚಾರ ಬರೆದ್ರೆ ಸಾಕು" ಅಂದ್ರು.

ನಾನು ಎರಡೂ ಬರೆದಿದ್ದೀನಿ. ಬರ್ತೀನಿ, ಕಾಯಿ ಅಟ್ಟಕ್ಕೆ ಹಾಕ್ಬೇಕು.