ಮೆಕ್ಸಿಕನ್ ಉಪಾಹಾರ ಗೃಹ: ಅಗ್ಗದ ತಟ್ಟೆಯ ಹಿಂದಿನ ಲೆಕ್ಕ

ವ್ಯಾಪಾರ ಮೇಳಗಳಿಗೆಂದೋ ಯಂತ್ರೋಪಕರಣಗಳ ಖರೀದಿಗೆಂದೋ ಅಮೆರಿಕಕ್ಕೆ ತೆರಳುವ ಕರ್ನಾಟಕದ ವರ್ತಕರಲ್ಲಿ ಅನೇಕರಿಗೆ ಮೆಕ್ಸಿಕನ್ ಆಹಾರದ ಪರಿಚಯವಾಗುವುದು ರುಚಿಯ ಹುಡುಕಾಟದಿಂದಲ್ಲ, ಅನಿವಾರ್ಯತೆಯಿಂದ. ಅನ್ನ, ಬೇಯಿಸಿದ ಕಾಳು, ಟೊಮೆಟೊ, ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು, ಜೊತೆಗೊಂದು ರೊಟ್ಟಿ. ಇವಿಷ್ಟೂ ಒಂದೇ ಕಡೆ ದೊರೆಯುವ ಬೇರೊಂದು ಜಾಗ ಪರದೇಶದಲ್ಲಿ ಸಸ್ಯಾಹಾರಿಗೆ ಸುಲಭವಾಗಿ ಸಿಗದು. ಹೊಟ್ಟೆ ತುಂಬಿತು, ಹಣವೂ ಉಳಿಯಿತು ಎಂಬಲ್ಲಿಗೆ ಅವರ ಅಭಿಪ್ರಾಯ ಮುಗಿಯುತ್ತದೆ. ಅಗ್ಗ ಎಂಬ ಒಂದೇ ಗುಣವನ್ನು ಮುಂದಿಟ್ಟುಕೊಂಡು ಈ ಉಪಾಹಾರ ಗೃಹಗಳನ್ನು ಅಳೆಯುವ ವಾಡಿಕೆ ಅಮೆರಿಕನ್ನರಲ್ಲಿಯೂ ಬಲವಾಗಿ ಬೇರೂರಿದೆ. ಈ ಅಳತೆಗೋಲು ತಪ್ಪಾದುದು ಮಾತ್ರವಲ್ಲ, ಅವುಗಳನ್ನು ನಡೆಸುವ ಸಣ್ಣ ಉದ್ದಿಮೆದಾರರ ಪಾಲಿಗೆ ಹಾನಿಕರವೂ ಹೌದು.

ಇಲ್ಲಿ ಪ್ರಸ್ತಾಪಿಸುತ್ತಿರುವುದು ಮೇಜಿನ ಮೇಲೆ ಬಿಳಿ ವಸ್ತ್ರ ಹಾಸಿದ ದುಬಾರಿ ಭೋಜನ ಶಾಲೆಗಳನ್ನಲ್ಲ. ಮೆಕ್ಸಿಕೊದಲ್ಲಿ ‘ಟಾಕೆರಿಯಾ’ ಎಂದು ಕರೆಯಲಾಗುವ ಟಾಕೊ ಅಂಗಡಿ, ಮಧ್ಯಾಹ್ನದ ಊಟ ನೀಡುವ ‘ಫೊಂಡಾ’, ಹಾಗೂ ಗಡಿಯಾಚೆ ಲಾಸ್ ಏಂಜಲೀಸ್, ಷಿಕಾಗೊ, ಹೂಸ್ಟನ್ ಮುಂತಾದ ನಗರಗಳಲ್ಲಿ ವಲಸೆ ಕುಟುಂಬಗಳು ನಡೆಸುವ ಅದೇ ಬಗೆಯ ಚಿಕ್ಕ ಮಳಿಗೆಗಳು, ಇವು ಈ ವಿಚಾರದ ವಸ್ತು. ಇಂಥಲ್ಲಿಗೆ ಹೋಗಬೇಕೇ ಬೇಡವೇ ಎಂದು ತೀರ್ಮಾನಿಸಲು ಗೋಡೆಯ ಬಣ್ಣವಾಗಲಿ, ಸಂಗೀತವಾಗಲಿ, ತೂಗುಹಾಕಿದ ಅಗಲ ಅಂಚಿನ ಟೋಪಿಯಾಗಲಿ ನೆರವಾಗದು. ನೋಡಬೇಕಾದುದು ರೊಟ್ಟಿಯನ್ನು.

ಟೋರ್ಟಿಯಾ ಎಂಬ ಈ ರೊಟ್ಟಿ ಮೆಕ್ಕೆಜೋಳದ್ದು. ಆದರೆ ಮೆಕ್ಕೆಜೋಳವನ್ನು ಬರಿದೆ ಬೀಸಿ ನೀರು ಬೆರೆಸಿದರೆ ಅದು ಆಗುವುದಿಲ್ಲ. ಅಂಥ ಹಿಟ್ಟಿಗೆ ಜಿಗಿ ಸಾಲದು, ಅಗಲಿಸಹೋದರೆ ಒಡೆಯುತ್ತದೆ. ಕಾಳನ್ನು ಸುಣ್ಣ ಬೆರೆಸಿದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ಅದರಲ್ಲಿಯೇ ನೆನೆಯಲು ಬಿಟ್ಟು, ಬೆಳಗ್ಗೆ ತೊಳೆದು, ಸಡಿಲಗೊಂಡ ಸಿಪ್ಪೆಯನ್ನು ಕಳೆದು, ಹಸಿಯಾಗಿಯೇ ಕಲ್ಲಿನಲ್ಲಿ ರುಬ್ಬಬೇಕು. ವೀಳ್ಯದೆಲೆಗೆ ಹಚ್ಚುವ ಸುಣ್ಣದ ಜಾತಿಗೇ ಸೇರಿದ ಸುಣ್ಣ ಅದು. ಹೀಗೆ ಹದಗೊಳಿಸಿದ ಕಾಳಿಗೆ ನಿಶ್ತಮಾಲ್ ಎಂದು ಹೆಸರು. ಸ್ಪೇನಿನವರು ಆ ನೆಲಕ್ಕೆ ಕಾಲಿಡುವ ಬಹು ಶತಮಾನಗಳ ಮೊದಲೇ ರೂಢಿಯಲ್ಲಿದ್ದ ವಿಧಾನ ಇದು.

ಮೆಕ್ಕೆಜೋಳ ಮೆಕ್ಸಿಕೊದಿಂದ ಲೋಕಕ್ಕೆಲ್ಲ ಹರಡಿತು, ಆದರೆ ಸುಣ್ಣದ ವಿಧಾನ ಜೊತೆಯಲ್ಲಿ ಹೋಗಲಿಲ್ಲ. ಸುಣ್ಣದ ಸಂಸ್ಕಾರವಿಲ್ಲದ ಕಾಳಿನಲ್ಲಿರುವ ನಯಾಸಿನ್ ಎಂಬ ಜೀವಸತ್ವ ದೇಹಕ್ಕೆ ದಕ್ಕುವುದಿಲ್ಲ. ಅದನ್ನೇ ಮುಖ್ಯ ಆಹಾರವನ್ನಾಗಿಸಿಕೊಂಡ ಉತ್ತರ ಇಟಲಿಯ ಬಡ ರೈತರೂ, 20ನೆಯ ಶತಮಾನದ ಆರಂಭದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳ ಕೂಲಿಕಾರರೂ ಪೆಲಾಗ್ರ ಎಂಬ ವ್ಯಾಧಿಗೆ ತುತ್ತಾದರು. ದಾವಣಗೆರೆ, ಹಾವೇರಿ ಕಡೆಯ ಮೆಕ್ಕೆಜೋಳ ಬಹುಪಾಲು ಕೋಳಿ ಆಹಾರಕ್ಕೂ ಪಿಷ್ಟದ ಕಾರ್ಖಾನೆಗಳಿಗೂ ಸಾಗುವುದರಿಂದ ಇಲ್ಲಿನ ವರ್ತಕರಿಗೆ ಈ ಪ್ರಶ್ನೆ ಎದುರಾಗಿರಲಾರದು.

ವಿಧಾನ ಸರಳವೆಂದು ತೋರಿದರೂ ಖರ್ಚು ಅಲ್ಪವಲ್ಲ. ಇಂಧನ ಬೇಕು, ಧಾರಾಳ ನೀರು ಬೇಕು, ರುಬ್ಬುವ ಯಂತ್ರ ಬೇಕು, ನಸುಕಿಗೇ ಎದ್ದು ಬರುವ ನುರಿತ ಆಳು ಬೇಕು. ರುಬ್ಬಿದ ಹಿಟ್ಟು ಅಂದಂದಿಗೇ ಮುಗಿಯಬೇಕು, ಮರುದಿನಕ್ಕೆ ಹುಳಿಯುತ್ತದೆ. ಈ ತೊಡಕಿಗೆ ಪರಿಹಾರವಾಗಿ ಬಂದುದು ಸಿದ್ಧ ಒಣಹಿಟ್ಟು. 1949ರಲ್ಲಿ ನುಯೆವೊ ಲಿಯೋನ್ ರಾಜ್ಯದ ಸೆರ್ರಾಲ್ವೊ ಎಂಬ ಸಣ್ಣ ಊರಿನಲ್ಲಿ ಆರಂಭವಾದ ಗ್ರೂಮಾ ಸಂಸ್ಥೆಯು ಮಾಸೆಕಾ ಎಂಬ ಹೆಸರಿನಲ್ಲಿ ಅದನ್ನು ಮಾರುಕಟ್ಟೆಗೆ ತಂದು ಜಾಗತಿಕ ಉದ್ಯಮವಾಗಿ ಬೆಳೆಯಿತು. ಚೀಲ ಬಿಚ್ಚಿ ನೀರು ಬೆರೆಸಿದರೆ ಕೆಲವೇ ನಿಮಿಷಗಳಲ್ಲಿ ಹಿಟ್ಟು ಸಿದ್ಧ. ಅದನ್ನು ಬಳಸುವ ಅಂಗಡಿಯವನನ್ನು ದೂಷಿಸುವುದು ಅನ್ಯಾಯವಾದೀತು, ಲೆಕ್ಕ ತಿಳಿದ ಯಾರೇ ಆದರೂ ಹಾಗೆಯೇ ಮಾಡುವರು. ಆದರೆ ಹೊಸದಾಗಿ ರುಬ್ಬಿದ ನಿಶ್ತಮಾಲಿನ ರೊಟ್ಟಿಗೆ ಒಂದು ಪರಿಮಳವಿದೆ, ಮಡಿಸಿದರೂ ಸೀಳದ ಮೃದುತ್ವವಿದೆ. ಮೇಲೆ ಏನೂ ಹಾಕದೆ, ಉಪ್ಪು ಸವರಿ ತಿಂದರೂ ಅದೇ ಒಂದು ತಿನಿಸು. ಒಣಹಿಟ್ಟಿನ ರೊಟ್ಟಿ ಒಳಗಿನ ಪಲ್ಯವನ್ನು ಬಾಯಿಗೆ ಸಾಗಿಸುವ ಸಾಧನವಷ್ಟೇ.

ಎರಡನೆಯ ಲಕ್ಷಣ ಸಂಯಮ. ಒಳ್ಳೆಯ ಟಾಕೊ ಅಂಗಡಿ ಎಲ್ಲವನ್ನೂ ಎಲ್ಲ ಹೊತ್ತಿನಲ್ಲಿಯೂ ಮಾರುವುದಿಲ್ಲ. ನೆಲದ ಗುಂಡಿಯಲ್ಲಿ ರಾತ್ರಿಯಿಡೀ ಬೆಂದ ಕುರಿ ಮಾಂಸದ ಬಾರ್ಬಕೋವಾ ಬೆಳಗಿನ ಮಾರಾಟ, ಮಧ್ಯಾಹ್ನದೊಳಗೆ ಪಾತ್ರೆ ಬರಿದಾಗುತ್ತದೆ. ನಿಲುವಾದ ಸರಳಿಗೆ ಮಾಂಸ ಪೋಣಿಸಿ ಬೆಂಕಿಯ ಮುಂದೆ ತಿರುಗಿಸುವ ‘ಅಲ್ ಪಾಸ್ತೋರ್’ ಸಾಮಾನ್ಯವಾಗಿ ಸಂಜೆಯ ಬಳಿಕದ್ದು. ಇದು ಲೆಬನಾನಿನಿಂದ ಬಂದ ವಲಸಿಗರ ಷವರ್ಮಾ. ಮೆಕ್ಸಿಕೊದಲ್ಲಿ ಕುರಿಯ ಬದಲು ಹಂದಿ ಮಾಂಸವಾಯಿತು, ಒಣಮೆಣಸಿನಕಾಯಿಯ ಮಸಾಲೆ ಹತ್ತಿತು, ತುದಿಗೊಂದು ಅನಾನಸ್ ಏರಿತು. ಫೊಂಡಾದ ಮಧ್ಯಾಹ್ನದ ಊಟವೂ ಹಾಗೆಯೇ: ಸಾರು, ಅನ್ನ, ಆ ದಿನದ ಒಂದೆರಡು ಮೇಲೋಗರ, ಕಾಳು, ರೊಟ್ಟಿ, ಹಣ್ಣಿನ ಪಾನಕ, ಒಂದೇ ನಿಗದಿತ ದರ. ಉತ್ತರ ಕರ್ನಾಟಕದ ಖಾನಾವಳಿ ಬಲ್ಲವರಿಗೆ ಹೆಚ್ಚಿನ ವಿವರಣೆ ಬೇಡ. ಮುಗಿಯಿತೆಂದರೆ ಮುಗಿಯಿತು. ಉಳಿದ ಸರಕಿನ ನಷ್ಟ ಇಲ್ಲದಿರುವುದೇ ಅಲ್ಲಿನ ಲಾಭದ ಗುಟ್ಟು. ಎಂಟು ಪುಟಗಳ ತಿಂಡಿಪಟ್ಟಿ ಕಂಡಲ್ಲಿ ಶೈತ್ಯಪೆಟ್ಟಿಗೆ ದೊಡ್ಡದಿದೆ ಎಂದು ಧಾರಾಳವಾಗಿ ಊಹಿಸಬಹುದು.

ಸಂಯಮದ ವ್ಯಾಪಾರಕ್ಕೆ ಲೋಕದ ಮನ್ನಣೆ ದೊರೆತ ಪ್ರಸಂಗವೂ ಉಂಟು. ಮೆಕ್ಸಿಕೊ ನಗರದ ಸಾನ್ ರಫಾಯೆಲ್ ಬಡಾವಣೆಯಲ್ಲಿರುವ ‘ಎಲ್ ಕಲೀಫಾ ದೆ ಲಿಯೋನ್’ 1968ರಿಂದ ನಡೆದುಬಂದಿರುವ ಅಂಗಡಿ. ಹತ್ತಡಿ ಉದ್ದ, ಹತ್ತಡಿ ಅಗಲದ ಆಸುಪಾಸಿನ ಜಾಗ. ತಿಂಡಿಪಟ್ಟಿಯಲ್ಲಿ ನಾಲ್ಕೇ ಬಗೆಯ ಟಾಕೊ, ಎಲ್ಲವೂ ಮಾಂಸದವೇ. ಗ್ರಾಹಕರು ನಿಂತೇ ತಿನ್ನಬೇಕು. ಹೆಸರಾದ ‘ಗಾವೊನೇರಾ’ ಟಾಕೊಗೆ ಬೇಕಾದುದು ತೆಳುವಾಗಿ ಕೊಯ್ದ ಗೋಮಾಂಸ, ಉಪ್ಪು, ನಿಂಬೆರಸ, ಪಕ್ಕದಲ್ಲಿಯೇ ಒತ್ತಿ ಬೇಯಿಸಿದ ರೊಟ್ಟಿ, ಇಷ್ಟೇ. 2024ರ ಮೇ ತಿಂಗಳಲ್ಲಿ ಮಿಷೆಲಿನ್ ಮಾರ್ಗದರ್ಶಿಯ ಮೊದಲ ಮೆಕ್ಸಿಕೊ ಆವೃತ್ತಿ ಪ್ರಕಟವಾದಾಗ ಈ ಅಂಗಡಿಗೆ ಒಂದು ನಕ್ಷತ್ರ ದೊರೆಯಿತು. ಅಲ್ಲಿ ಬಳಸುವ ಪದಾರ್ಥ ಈ ಪತ್ರಿಕೆಯ ಅನೇಕ ಓದುಗರಿಗೆ ಸಲ್ಲದಿರಬಹುದು, ಗಮನಿಸಬೇಕಾದುದು ವ್ಯವಹಾರದ ಕ್ರಮವನ್ನು. ಆ ಟಾಕೊ ಬೆಲೆ ಆಗ ಸುಮಾರು 5 ಡಾಲರ್. ನೆರೆಹೊರೆಯ ಅಂಗಡಿಗಳಿಗೆ ಹೋಲಿಸಿದರೆ ಅದು ಅಗ್ಗವೇನಲ್ಲ. ಆದರೂ ನಕ್ಷತ್ರಕ್ಕೆ ಮೊದಲೂ ಆ ಅಂಗಡಿಗೆ ಗಿರಾಕಿಗಳ ಕೊರತೆ ಇರಲಿಲ್ಲ.

ಇದಕ್ಕೆ ತದ್ವಿರುದ್ಧವಾದ ಹಾದಿಯನ್ನು ಹಿಡಿದವರ ಚರಿತ್ರೆಯೂ ಅಷ್ಟೇ ಬೋಧಪ್ರದ. ಕ್ಯಾಲಿಫೋರ್ನಿಯಾದ ಸಾನ್ ಬರ್ನಾರ್ಡಿನೊ ಪಟ್ಟಣದಲ್ಲಿ 1937ರಲ್ಲಿ ಆರಂಭವಾದ ‘ಮಿತ್ಲಾ ಕಫೆ’ ಎಂಬ ಮೆಕ್ಸಿಕನ್ ಕುಟುಂಬದ ಉಪಾಹಾರ ಗೃಹದ ಎದುರು ಗ್ಲೆನ್ ಬೆಲ್ ಎಂಬಾತ ತನ್ನ ಅಂಗಡಿ ಇಟ್ಟಿದ್ದ. ಮಿತ್ಲಾದ ಕರಿದ ಟಾಕೊಗಳನ್ನು ಕಂಡು, ತಿಂದು, ಅವುಗಳ ಕ್ರಮವನ್ನು ಕಲಿತ. ರೊಟ್ಟಿಗಳನ್ನು ಮೊದಲೇ ಮಡಿಸಿ ಕರಿದಿಟ್ಟುಕೊಂಡರೆ ಸಮಯ ಉಳಿಯುವುದೆಂದು ಕಂಡುಕೊಂಡ. 1962ರಲ್ಲಿ ಡೌನಿಯಲ್ಲಿ ಟಾಕೊ ಬೆಲ್ ಆರಂಭಿಸಿದ, 1978ರಲ್ಲಿ ಪೆಪ್ಸಿ ಸಂಸ್ಥೆಗೆ ಮಾರಿದ. ವೇಗ ಮತ್ತು ಅಗ್ಗದ ದರಗಳ ಮೇಲೆ ಕಟ್ಟಿದ ಆ ಸರಣಿ ಅನೇಕ ದೇಶಗಳನ್ನು ತಲಪಿದರೂ ಮೆಕ್ಸಿಕೊದಲ್ಲಿ ಮಾತ್ರ ಎರಡು ಬಾರಿ ಸೋತಿತು. 1992ರಲ್ಲಿ ರಾಜಧಾನಿಯಲ್ಲಿ ತೆರೆದದ್ದು ಬೇಗನೆ ಮುಚ್ಚಿತು. 2007ರಲ್ಲಿ ಮೊಂಟೆರ್ರೇ ನಗರದಲ್ಲಿ ಮತ್ತೆ ಆರಂಭಿಸಿದ ಪ್ರಯತ್ನ 2010ರ ಹೊತ್ತಿಗೆ ನಿಂತಿತು. ಅದೇ 2010ರಲ್ಲಿ ಅದರ ಮೊದಲ ಭಾರತೀಯ ಮಳಿಗೆ ಬೆಂಗಳೂರಿನಲ್ಲಿ ತೆರೆಯಿತು. ರೊಟ್ಟಿಯ ಹೋಲಿಕೆಗೆ ಅವಕಾಶವಿಲ್ಲದ ಕಡೆ ಆ ಮಾಲು ಸಲೀಸಾಗಿ ಮಾರಾಟವಾಗುತ್ತದೆ ಎಂಬುದೇ ಇದರ ಅರ್ಥ.

ಚಿಪೋಟ್ಲೆಯದು ಇವೆರಡರ ನಡುವಿನ ಹಾದಿ. ಸಾನ್ ಫ್ರಾನ್ಸಿಸ್ಕೊದ ಮಿಷನ್ ಬಡಾವಣೆಯ ಟಾಕೆರಿಯಾಗಳಲ್ಲಿ ಗ್ರಾಹಕನ ಕಣ್ಣೆದುರೇ ದೊಡ್ಡ ಗೋಧಿ ರೊಟ್ಟಿಯಲ್ಲಿ ಬುರ್ರಿಟೊ ಸುತ್ತುವ ಕ್ರಮವನ್ನು ಸ್ಟೀವ್ ಎಲ್ಸ್ ಕಂಡು, 1993ರಲ್ಲಿ ಡೆನ್ವರಿನಲ್ಲಿ ಅದನ್ನೇ ಆರಂಭಿಸಿದ. ಅಡುಗೆಯನ್ನು ಮುಚ್ಚಿಡದೆ ತೋರಿಸುವುದು ಆ ಸರಣಿಯ ಬಲವಾಯಿತು. ಬಲ ಮಾತ್ರ ಮಿಷನ್ ಬಡಾವಣೆಯದು.

ಇನ್ನು ಬೆಲೆಯ ವಿಚಾರ. 2007ರ ಆರಂಭದಲ್ಲಿ ಮೆಕ್ಸಿಕೊದಲ್ಲಿ ಮೆಕ್ಕೆಜೋಳದ ಧಾರಣೆ ಏರಿ, ರೊಟ್ಟಿಯ ದರವೂ ಅದರ ಬೆನ್ನಟ್ಟಿತು. ಅಮೆರಿಕದಲ್ಲಿ ಇಂಧನಕ್ಕಾಗಿ ಎಥನಾಲ್ ತಯಾರಿಕೆ ಹೆಚ್ಚಿದ್ದೂ, ದಾಸ್ತಾನುದಾರರ ಕೈವಾಡವೂ ಕಾರಣಗಳೆಂದು ವಾದಗಳಾದವು. ಜನವರಿಯಲ್ಲಿ ಅಧ್ಯಕ್ಷ ಕಾಲ್ಡೆರೋನ್ ಸರ್ಕಾರವು ದೊಡ್ಡ ಉದ್ಯಮಗಳೊಡನೆ ಒಪ್ಪಂದ ಮಾಡಿಕೊಂಡು ಕಿಲೋ ರೊಟ್ಟಿಗೆ 8.50 ಪೆಸೊ ಮಿತಿಯನ್ನು ಘೋಷಿಸಿತು. ತಿಂಗಳ ಕೊನೆಗೆ ಸಾವಿರಾರು ಜನ ರಾಜಧಾನಿಯ ಬೀದಿಗಿಳಿದರು. ಬಳಕೆದಾರನ ಸಂಕಟ ನಿಜವಾದುದೇ. ಆದರೆ ಕಾಳು, ಅನಿಲ, ಕೂಲಿ ಎಲ್ಲವೂ ಏರುತ್ತಿರುವಾಗ ಮಾರುವ ದರವನ್ನು ಮಾತ್ರ ಹಿಡಿದಿಟ್ಟರೆ ತಾಳಿಕೊಳ್ಳಬಲ್ಲವನು ದೊಡ್ಡ ದಾಸ್ತಾನು ಇರುವವನೇ ಹೊರತು ಬೀದಿಯಂಚಿನ ರೊಟ್ಟಿ ಅಂಗಡಿಯವನಲ್ಲ. ಆತನಿಗೆ ಉಳಿಯುವ ದಾರಿ ನಿಶ್ತಮಾಲ್ ಬಿಟ್ಟು ಚೀಲದ ಹಿಟ್ಟಿಗೆ ಹೋಗುವುದೊಂದೇ.

ಅಮೆರಿಕದ ನಗರಗಳಲ್ಲಿ ಇದೇ ಒತ್ತಡವನ್ನು ಸರ್ಕಾರ ಹೇರುವುದಿಲ್ಲ, ಗಿರಾಕಿಯೇ ಹೇರುತ್ತಾನೆ. ಗೋಧಿ ಹಿಟ್ಟು ಮತ್ತು ಮೊಟ್ಟೆಯಿಂದಾದ ಇಟಲಿಯ ಪಾಸ್ತಾ ತಟ್ಟೆಗೆ 20 ಡಾಲರ್ ತೆರಲು ಹಿಂಜರಿಯದವನು, ಎರಡು ದಿನದ ದುಡಿಮೆ ಬೇಡುವ ಟಾಕೊ ಬೆಲೆ ಒಂದು ಡಾಲರ್ ಏರಿದರೆ ಗೊಣಗುತ್ತಾನೆ. ಮೆಕ್ಸಿಕನ್ ಊಟವೆಂದರೆ ಅಗ್ಗವಾಗಿಯೇ ಇರತಕ್ಕದ್ದು ಎಂಬ ಹಟ ಅದು. ಯಾವ ಗುಣಕ್ಕಾಗಿ ಆ ಅಂಗಡಿಗೆ ಹೋಗಬೇಕೋ ಆ ಗುಣಕ್ಕೇ ಹಣ ಕೊಡಲೊಲ್ಲದ ಗಿರಾಕಿ, ಕಾಲಕ್ರಮದಲ್ಲಿ ಅದನ್ನು ಕಳೆದುಕೊಳ್ಳುತ್ತಾನೆ. ಅನಂತರ ಮೊದಲಿನ ರುಚಿ ಈಗಿಲ್ಲವೆಂದು ಬೇರೆ ದೂರುತ್ತಾನೆ.

ಆದುದರಿಂದ ಆ ದೇಶಗಳಿಗೆ ಹೋಗುವ ವರ್ತಕರು ತಿಂಡಿಪಟ್ಟಿಯ ಬಲ ಅಂಚಿನ ಅಂಕಿಗಳನ್ನು ನೋಡುವ ಮೊದಲು ಒಲೆಯ ಕಡೆ ಕಣ್ಣು ಹಾಯಿಸುವುದು ಉಚಿತ. ಹಿಟ್ಟಿನ ಉಂಡೆಯನ್ನು ಅಲ್ಲಿಯೇ ಒತ್ತಿ ಬೇಯಿಸುತ್ತಿದ್ದಾರೆಯೇ, ಹಿಟ್ಟು ಆ ದಿನ ರುಬ್ಬಿದ್ದೇ ಎಂದು ಕೇಳಬಹುದು. ಹೌದೆನ್ನಬಲ್ಲವರು ಹೆಮ್ಮೆಯಿಂದಲೇ ಹೇಳುತ್ತಾರೆ. ಅಂಥವರು ಪಕ್ಕದ ಅಂಗಡಿಗಿಂತ ಒಂದೆರಡು ಡಾಲರ್ ಹೆಚ್ಚು ಕೇಳಿದರೆ ಕೊಡತಕ್ಕದ್ದೇ. ಸಸ್ಯಾಹಾರಿಗಳು ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು: ಕಾಳನ್ನು ಹಂದಿಯ ಕೊಬ್ಬಿನಲ್ಲಿ ಬೇಯಿಸುವುದೂ, ಅನ್ನಕ್ಕೆ ಕೋಳಿಯ ರಸ ಬೆರೆಸುವುದೂ ಅಲ್ಲಿ ಹಳೆಯ ರೂಢಿ. ಚಿಪೋಟ್ಲೆಯಲ್ಲಿಯೇ ಒಂದು ಬಗೆಯ ಕಾಳಿಗೆ ಹಂದಿ ಮಾಂಸ ಸೇರಿಸುವುದು ನಿಂತದ್ದು 2013ರಲ್ಲಿ. ಅಲ್ಲಿಯವರೆಗೆ ಕೇಳದೆ ತಿಂದವರು ಎಷ್ಟು ಮಂದಿಯೋ.