ಬಾರದೇ ಹೋದವರ ಲೆಕ್ಕ

ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ಯಾದಗಿರಿ ಕಡೆಯವರು. ಮಿಯಾಪುರದ ಈ ಕಟ್ಟಡದಲ್ಲಿ ನನ್ನ ಜೊತೆ ಕನ್ನಡ ಮಾತಾಡುವವರು ಅವರೊಬ್ಬರೇ. ಹಾಗಾಗಿ ಆಫೀಸಿನಿಂದ ಬಂದ ಮೇಲೆ ಗೇಟಿನ ಹತ್ತಿರ ಹತ್ತು ನಿಮಿಷ ನಿಲ್ಲುವುದು ನನಗೆ ರೂಢಿಯಾಗಿದೆ. ಕಳೆದ ವಾರ ಅವರು, “ನಾಳೆ ನಾ ಇರಂಗಿಲ್ರಿ ಸರ. ಅವ್ವ ಊರಿಂದ ಬರ್ಲಿಕತ್ತಾಳ, ಗಾಂಧಿ ದವಾಖಾನಿಗೆ ತೋರಿಸ್ಬೇಕು” ಎಂದರು. ಸಂತೆಗೆ ಹೋಗಿ ಬರುತ್ತೇನೆ ಎನ್ನುವಷ್ಟು ಸಲೀಸಾಗಿತ್ತು ಅವರ ಮಾತು.

2020ರಲ್ಲಿ ಆ ಹೆಸರನ್ನು ಇಷ್ಟು ಸಲೀಸಾಗಿ ಯಾರೂ ಹೇಳುತ್ತಿರಲಿಲ್ಲ. ಆ ವರ್ಷದ ಮಾರ್ಚ್ 2ರಂದು ತೆಲಂಗಾಣದ ಮೊದಲ ಕೊರೋನಾ ಪ್ರಕರಣ ಘೋಷಣೆಯಾದಾಗ ಆ ರೋಗಿ ಇದ್ದದ್ದು ಸಿಕಂದರಾಬಾದಿನ ಇದೇ ಗಾಂಧಿ ಆಸ್ಪತ್ರೆಯಲ್ಲಿ. ದುಬೈಗೆ ಹೋಗಿಬಂದು, ಬೆಂಗಳೂರಿನಿಂದ ಬಸ್ಸಿನಲ್ಲಿ ಹೈದರಾಬಾದಿಗೆ ಬಂದಿದ್ದ ಯುವ ಇಂಜಿನಿಯರ್. ವಾರಾಂತ್ಯಕ್ಕೆ ನಾವೆಲ್ಲ ಹಿಡಿಯುವ ದಾರಿ ಅದೇ ಅಲ್ಲವೇ? ಸುದ್ದಿ ಓದಿ ಎದೆ ಝಲ್ಲೆಂದಿತ್ತು.

ಕೆಲವೇ ವಾರಗಳಲ್ಲಿ ಇಡೀ ಆಸ್ಪತ್ರೆ ಕೊರೋನಾಕ್ಕೆ ಮೀಸಲಾಯಿತು. 1851ರಲ್ಲಿ ಶುರುವಾಗಿ, 2003ರಲ್ಲಿ ಮುಷೀರಾಬಾದಿನ ಹಳೇ ಜೈಲಿನ ಜಾಗಕ್ಕೆ ಬಂದ ಆಸ್ಪತ್ರೆ ಇದು. ಸಾವಿರಕ್ಕೂ ಹೆಚ್ಚು ಹಾಸಿಗೆ. ಬಡವರಿಗೆ ಉಸ್ಮಾನಿಯಾ ಬಿಟ್ಟರೆ ಇದೇ ದೊಡ್ಡ ಆಸರೆ. ಬೇರೆ ರೋಗಿಗಳಿಗೆ ಬಾಗಿಲು ಮತ್ತೆ ತೆರೆದದ್ದು ಆ ವರ್ಷದ ನವೆಂಬರಿನಲ್ಲಿ. ಎರಡನೇ ಅಲೆ ಬಂದಾಗ, 2021ರ ಏಪ್ರಿಲ್‌ನಲ್ಲಿ ಮತ್ತೆ ಮುಚ್ಚಿ, ಆಗಸ್ಟ್‌ನಲ್ಲಿ ತೆರೆಯಿತು. ಆ ಹೊತ್ತಿಗೆ ಬೇರೆ ದಾರಿ ಇರಲಿಲ್ಲ ಎಂಬುದನ್ನು ಒಪ್ಪುತ್ತೇನೆ. ಊರಿಗೆ ಊರೇ ಉಸಿರಿಗಾಗಿ ಓಡುತ್ತಿದ್ದಾಗ ಎದುರಿಗೆ ನಿಂತದ್ದು ಇಂಥ ಸರ್ಕಾರಿ ಆಸ್ಪತ್ರೆಗಳೇ.

ಆದರೆ ಅವ್ವನ ಕಾಲಿನ ಕಥೆ ಹೇಳಬೇಕು. ಆಗ ಅವರು ಮಗನ ಜೊತೆ ಇಲ್ಲೇ ಇದ್ದರು. ಸಕ್ಕರೆ ಕಾಯಿಲೆ, ಎಡಗಾಲಿನಲ್ಲಿ ಒಂದು ಹುಣ್ಣು. ವಾರಕ್ಕೊಮ್ಮೆ ಡ್ರೆಸ್ಸಿಂಗ್ ಆಗುತ್ತಿದ್ದರೆ ಮಾಯುತ್ತಿತ್ತೇನೋ. ಲಾಕ್‌ಡೌನಿನಲ್ಲಿ ಬಸ್ಸಿಲ್ಲ, ಓಪಿ ಇಲ್ಲ, ಹೊರಗೆ ಹೋಗಲು ಧೈರ್ಯವೂ ಇಲ್ಲ. ಮನೆಯಲ್ಲೇ ಅರಿಶಿಣ ಹಚ್ಚಿಕೊಂಡು ಎರಡು ತಿಂಗಳು ಕಳೆದರು. ಕೊನೆಗೆ ಎರಡು ಬೆರಳು ತೆಗೆಯಬೇಕಾಯಿತು. ಮಗನ ಮೇಲೆ ಬಿದ್ದ ಸಾಲ ತೀರಲು ಎರಡು ವರ್ಷ ಬೇಕಾಯಿತು. ಮೇಲಿನ ಮಹಡಿಯಲ್ಲಿ ‘ವರ್ಕ್ ಫ್ರಮ್ ಹೋಮ್’ ಮಾಡುತ್ತ ಕೂತಿದ್ದ ನನಗೆ ವಿಷಯ ತಿಳಿದದ್ದು ಎಲ್ಲ ಮುಗಿದ ಮೇಲೆ.

ನಮ್ಮ ಕೆಲಸದಲ್ಲಿ ಸರ್ವರ್ ಬಿದ್ದರೆ ಅದು ಎಷ್ಟು ಹೊತ್ತು ಬಿದ್ದಿತ್ತು, ಎಷ್ಟು ಕೋರಿಕೆಗಳು ವಿಫಲವಾದವು ಎಂದು ಲಾಗ್ ನೋಡಿ ಹೇಳುತ್ತೇವೆ. ಆಸ್ಪತ್ರೆಯಲ್ಲಿ ಆ ಸೌಲಭ್ಯವಿಲ್ಲ. ಬಂದವರ ಹೆಸರು ರಿಜಿಸ್ಟರಿನಲ್ಲಿರುತ್ತದೆ, ಬಾರದೇ ಹೋದವರ ಹೆಸರು ಎಲ್ಲೂ ಇರುವುದಿಲ್ಲ. ಅವ್ವ ಕೊರೋನಾದ ಯಾವ ಅಂಕಿಯಲ್ಲೂ ಇಲ್ಲ.

2022ರ ಡಿಸೆಂಬರಿನಲ್ಲಿ ಮಗನಿಗೆ ಬಿಡುವಿರದ ಒಂದು ದಿನ ಅವ್ವನನ್ನು ಗಾಂಧಿಗೆ ಕರೆದುಕೊಂಡು ಹೋದವನು ನಾನು. ಊರಿನ ಬಸ್ಸು ಎಂಜಿಬಿಎಸ್‌ನಲ್ಲಿ ಇಳಿಸಿತು. ಅಲ್ಲಿಂದಲೇ ಹಸಿರು ಮಾರ್ಗದ ಮೆಟ್ರೋ, ಇಳಿಯುವ ನಿಲ್ದಾಣದ ಹೆಸರೇ ‘ಗಾಂಧಿ ಆಸ್ಪತ್ರೆ’. ಆ ಮಾರ್ಗ ಶುರುವಾದದ್ದು 2020ರ ಫೆಬ್ರವರಿಯಲ್ಲಿ. ರೋಗಿಗಳಿಗೆ ಅದರ ಉಪಯೋಗ ನಿಜವಾಗಿ ಸಿಕ್ಕಿದ್ದು ಎಲ್ಲ ತಣ್ಣಗಾದ ಮೇಲೆ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರಿನವರಿಗೆ ಹೈದರಾಬಾದಿನ ದವಾಖಾನೆ ನಿಜಾಮನ ಕಾಲದಿಂದಲೂ ತಮ್ಮದೇ. ಓಪಿ ಸಾಲಿನಲ್ಲಿ ನಮ್ಮ ಮುಂದೆ ನಿಂತಿದ್ದವರೂ ಕನ್ನಡದವರೇ.

ಮಧ್ಯಾಹ್ನ ಅವ್ವ ನನಗೆ ಊಟ ಹಾಕಿಸಿದರು! ರೋಗಿಗಳ ಕಡೆಯವರಿಗೆ ಐದು ರೂಪಾಯಿಗೆ ಊಟ ಕೊಡುವ ಯೋಜನೆ ನಗರದ 18 ಸರ್ಕಾರಿ ಆಸ್ಪತ್ರೆಗಳಿಗಾಗಿ 2022ರ ಮೇ ತಿಂಗಳಲ್ಲಿ ಶುರುವಾಗಿತ್ತು. “ನಾಚ್ಕೋಬ್ಯಾಡ, ಉಣ್ಣಪ್ಪ” ಎಂದರು. ವಾರ್ಡಿನ ರೋಗಿಯ ಊಟಕ್ಕೆ ಸರ್ಕಾರ ಕೊಡುತ್ತಿದ್ದ ದಿನದ ಖರ್ಚೂ ಅದೇ ವರ್ಷ 40 ರೂಪಾಯಿಯಿಂದ 80ಕ್ಕೆ ಏರಿತ್ತು. ಹೊಸ ಎಂಆರ್‌ಐ, ಕ್ಯಾಥ್‌ಲ್ಯಾಬ್‌ಗಳ ಉದ್ಘಾಟನೆ ಪತ್ರಿಕೆಯಲ್ಲಿ ದೊಡ್ಡದಾಗಿ ಬರುತ್ತದೆ. ಮುಂದೆ 2023ರಲ್ಲಿ ಆವರಣದಲ್ಲೇ ತೆರೆದ 200 ಹಾಸಿಗೆಗಳ ತಾಯಿ-ಮಗು ವಿಭಾಗವೂ ದೊಡ್ಡ ಸುದ್ದಿಯಾಯಿತು. ಅವೆಲ್ಲ ಬೇಕು. ಆದರೆ ರೋಗಿಯ ಜೊತೆ ಬಂದು ಮೆಟ್ಟಿಲ ಮೇಲೆ ಮಲಗುವವನೂ ಉಣ್ಣಬೇಕು ಎಂದು ಯಾರಿಗೋ ಹೊಳೆದದ್ದು ನನಗೆ ಅಷ್ಟೇ ದೊಡ್ಡ ಸುಧಾರಣೆಯಾಗಿ ಕಂಡಿತು.

ಇಷ್ಟಕ್ಕೇ ಎಲ್ಲ ಸರಿಹೋಯಿತು ಎಂದು ನಾನು ಹೇಳಲಾರೆ. 2021ರ ಮೇ ತಿಂಗಳಲ್ಲಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ನಡೆದದ್ದನ್ನು ನಾವ್ಯಾರೂ ಮರೆತಿಲ್ಲ. ಆಮೇಲೆ ದೇಶದಾದ್ಯಂತ ಸಾವಿರಕ್ಕೂ ಹೆಚ್ಚು ಆಕ್ಸಿಜನ್ ಘಟಕಗಳು ಬಂದವು. ಆದರೆ ನಿರ್ವಹಣೆಯ ಕರಾರು ಮುಗಿದ ಮೇಲೆ ಅವನ್ನು ನೋಡಿಕೊಳ್ಳಲು ತಂತ್ರಜ್ಞ ಬೇಕು, ಬಿಡಿಭಾಗ ಬೇಕು, ತಿಂಗಳಿಗೊಮ್ಮೆ ಓಡಿಸಿ ನೋಡುವ ಶಿಸ್ತು ಬೇಕು. ಬ್ಯಾಕಪ್ ಇದೆ ಎನ್ನುವುದಕ್ಕೂ ಬ್ಯಾಕಪ್‌ನಿಂದ ಮತ್ತೆ ಎದ್ದು ನಿಲ್ಲಬಲ್ಲೆವು ಎನ್ನುವುದಕ್ಕೂ ಎಷ್ಟು ಅಂತರವಿದೆ ಎಂದು ನಮ್ಮಂಥವರಿಗೆ ಬಿಡಿಸಿ ಹೇಳಬೇಕೇ?

ಎರಡನೆಯದು, ಎಲ್ಲ ಹೊರೆ ಒಂದೇ ಹೆಗಲಿಗೆ ಬಿದ್ದದ್ದು. 2020ರ ಜೂನ್‌ನಲ್ಲಿ ಗಾಂಧಿಯಲ್ಲಿ ಕಿರಿಯ ವೈದ್ಯರೊಬ್ಬರ ಮೇಲೆ ಹಲ್ಲೆಯಾದಾಗ ಅವರ ಸಹೋದ್ಯೋಗಿಗಳು ಮುಷ್ಕರ ಹೂಡಿದರು. ರಕ್ಷಣೆಯ ಜೊತೆಗೆ ಅವರು ಕೇಳಿದ್ದು, ಕೊರೋನಾ ಚಿಕಿತ್ಸೆಯನ್ನು ಬೇರೆ ಆಸ್ಪತ್ರೆಗಳಿಗೂ ಹಂಚಿ ಎಂದು. ಮುಂದಿನ ತಿಂಗಳು ಹೊರಗುತ್ತಿಗೆಯ ನರ್ಸ್‌ಗಳು ಸಂಬಳಕ್ಕಾಗಿ ಬೀದಿಗಿಳಿದರು. ನಾವು ಬಾಲ್ಕನಿಯಲ್ಲಿ ತಟ್ಟೆ ಬಡಿದದ್ದು ಇಂಥವರಿಗಾಗಿಯೇ. 2022ರ ಏಪ್ರಿಲ್‌ನಲ್ಲಿ ನಗರದ ಮೂರು ದಿಕ್ಕಿಗೆ ತಲಾ ಸಾವಿರ ಹಾಸಿಗೆಗಳ ಹೊಸ ಆಸ್ಪತ್ರೆಗಳಿಗೆ ಅಡಿಗಲ್ಲು ಬಿತ್ತು. ಆ ಕಿರಿಯ ವೈದ್ಯರ ಬೇಡಿಕೆಗೆ ನಿಜವಾದ ಉತ್ತರ ಅದೇ. ಆದರೆ ಅಡಿಗಲ್ಲಿನ ಮೇಲೆ ರೋಗಿ ಮಲಗಲಾಗುವುದಿಲ್ಲ. ಹಾಸಿಗೆಯ ಪಕ್ಕದಲ್ಲಿ ಕಾಯಂ ನರ್ಸ್ ನಿಂತಾಗಲೇ ಲೆಕ್ಕ ಪೂರ್ತಿಯಾಗುವುದು.

ಮುಂದೊಮ್ಮೆ ಇಂಥದ್ದೇ ಪಿಡುಗು ಬಂದರೆ ಜ್ವರದವರಿಗೂ ಜಾಗ ಸಿಗಬೇಕು, ಹುಣ್ಣಿನ ಡ್ರೆಸ್ಸಿಂಗಿಗೆ ಬಂದ ಅವ್ವನಿಗೂ ಒಂದು ಬಾಗಿಲು ತೆರೆದಿರಬೇಕು. ಆಸ್ಪತ್ರೆ ಚೇತರಿಸಿಕೊಂಡಿದೆ ಎನ್ನಲು ನನಗೆ ಬೇಕಾದ ಪುರಾವೆ ಅದು.

ಮೊನ್ನೆ ಸಂಜೆ ಗೇಟಿನ ಪಕ್ಕದ ಕುರ್ಚಿಯಲ್ಲಿ ಅವ್ವ ಕೂತಿದ್ದರು. “ಡಾಕ್ಟರ್ ಏನಂದ್ರು ಅವ್ವ?” ಎಂದೆ. “ಮೂರು ತಿಂಗ್ಳಿಗೆ ಮತ್ತ ಬಾ ಅಂದಾರಪ್ಪ” ಎಂದು ಚೀಟಿಯನ್ನು ಮಡಚಿ ಸೆರಗಿಗೆ ಗಂಟು ಹಾಕಿಕೊಂಡರು.

ನಿಮ್ಮ ಗೇಟಿನ ಹತ್ತಿರವೂ ಇಂಥವರು ಒಬ್ಬರಿರಬಹುದು. ಆ ಎರಡು ವರ್ಷಗಳಲ್ಲಿ ಯಾವ ಚಿಕಿತ್ಸೆ ತಪ್ಪಿತು ಎಂದು ಒಮ್ಮೆ ಕೇಳಿ ನೋಡಿ.